ಇಲಿಗೆ ವಾಸಿಯಾದ ಸಂಧಿವಾತ ಅಮ್ಮನಿಗೂ ವಾಸಿಯಾಗುತ್ತದೆಯೇ?

ಪ್ರಶ್ನೆ: ಡಾಕ್ಟರೇ, ನಾವು ಸಕಲೇಶಪುರ ತಾಲ್ಲೂಕಿನವರು, ಸ್ವಲ್ಪ ಕಾಫಿ ತೋಟ ಇದೆ. ಅಮ್ಮನಿಗೆ 54 ವರ್ಷ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಎರಡು ವರ್ಷದಿಂದ ಎರಡೂ ಕೈಯ ಬೆರಳಿನ ಗೆಣ್ಣು, ಮಣಿಕಟ್ಟು ಊದಿಕೊಂಡಿವೆ. ಬೆಳಿಗ್ಗೆ ಎದ್ದ ಮೇಲೆ ಒಂದೂವರೆ ಗಂಟೆ ಮುಷ್ಟಿ ಕಟ್ಟಲು ಆಗುವುದಿಲ್ಲ. ಹೋದ ಸಲ ಹಣ್ಣು ಕೊಯ್ಲಿಗೂ ಇಳಿಯಲಿಲ್ಲ. ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ ಎಂಬ ರಕ್ತ ಪರೀಕ್ಷೆ ಎರಡೂ ಪಾಸಿಟಿವ್ ಬಂದ ಮೇಲೆ ಹಾಸನದಲ್ಲಿ ಮೆಥೊಟ್ರೆಕ್ಸೇಟ್ ಮಾತ್ರೆ ಶುರು ಮಾಡಿದರು. ಈಗ ವಾರಕ್ಕೆ 15 ಮಿಲಿಗ್ರಾಂ. ಅರ್ಧ ಕಡಿಮೆಯಾಗಿದೆ, ಪೂರ್ತಿ ಇಲ್ಲ. ಇದರ ಜೊತೆಗೆ ತೊಫಾಸಿಟಿನಿಬ್ ಮಾತ್ರೆಯನ್ನೋ ಅಡಲಿಮ್ಯುಮಾಬ್ ಇಂಜೆಕ್ಷನ್ನನ್ನೋ ಸೇರಿಸೋಣ, ಯೋಚಿಸಿ ಬನ್ನಿ ಎಂದಿದ್ದಾರೆ. ಅಷ್ಟರಲ್ಲಿ ದೊಡ್ಡಪ್ಪನ ಮಗ ಅರಿಶಿನದ ಸಾರಕ್ಕೆ ಕಾಳುಮೆಣಸಿನ ಸತ್ವ ಸೇರಿಸಿದ ಕ್ಯಾಪ್ಸೂಲ್ ತಂದುಕೊಟ್ಟಿದ್ದಾನೆ. ಅದರಿಂದ ಇಲಿಗಳ ಸಂಧಿವಾತ ವಾಸಿಯಾಗಿದೆ ಎಂಬ ಸಂಶೋಧನಾ ಲೇಖನವನ್ನೂ ಕಳಿಸಿದ್ದಾನೆ. ನಾನು ಬಿಎಸ್ಸಿ ಓದಿದವಳು, ಓದಿ ನೋಡಿದೆ. ಒಂದು ಫೋಟೊದಲ್ಲಿ ಊದಿದ ಪಾದ, ಪಕ್ಕದಲ್ಲಿ ಸರಿಹೋದ ಪಾದ. ಎನ್‌ಎಫ್ ಕಪ್ಪಾ ಬಿ, ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನ್‌ಗಳೆಲ್ಲ ಇಳಿದಿವೆ ಎಂದು ಗ್ರಾಫ್ ಇದೆ. ಇದು ಸುಳ್ಳೇ? ನಿಜವಾದರೆ ಇಮ್ಯುನಿಟಿ ಕುಗ್ಗಿಸುವ ಇಂಗ್ಲಿಷ್ ಔಷಧಿ ಯಾಕೆ? ಅಮ್ಮ ಮೆಥೊಟ್ರೆಕ್ಸೇಟ್ ಬಿಟ್ಟು ಇದನ್ನೇ ತೆಗೆದುಕೊಳ್ಳುತ್ತೇನೆ ಅನ್ನುತ್ತಿದ್ದಾರೆ. ನಮ್ಮ ಅಜ್ಜನಿಗೆ ಟಿಬಿ ಆಗಿತ್ತು, ಅಮ್ಮನೇ ನೋಡಿಕೊಂಡಿದ್ದರು. ಅದನ್ನು ಡಾಕ್ಟರಿಗೆ ಹೇಳಿಲ್ಲ, ಹೇಳಬೇಕೇ? ಇನ್ನೊಂದು, ಈ ಕಾಯಿಲೆ ನನಗೂ ಬರುತ್ತದೆಯೇ?

ಉತ್ತರ: ಅಜ್ಜನ ಟಿಬಿಯ ಮಾತನ್ನು ನೀವು ಪತ್ರದ ತುದಿಯಲ್ಲಿ ಸೇರಿಸಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡಬೇಕು. ಹೌದು, ಹೇಳಲೇಬೇಕು. ಮುಂದಿನ ಭೇಟಿಯವರೆಗೆ ಕಾಯಬೇಡಿ, ಫೋನ್ ಮಾಡಿಯಾದರೂ ತಿಳಿಸಿ. ಮಾತ್ರೆಯಾಗಲಿ ಇಂಜೆಕ್ಷನ್ ಆಗಲಿ, ಆ ವಿಷಯ ಇತ್ಯರ್ಥವಾಗದೆ ಹೊಸ ಔಷಧಿ ಶುರುವಾಗಬಾರದು. ಯಾಕೆ ಎಂಬುದು ಇಲಿಗಳ ಕಥೆಯಲ್ಲೇ ಇದೆ, ಅಲ್ಲಿಗೆ ಬರುತ್ತೇನೆ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ: ಅಮ್ಮ ಮೆಥೊಟ್ರೆಕ್ಸೇಟನ್ನು ತಾವಾಗಿಯೇ ನಿಲ್ಲಿಸುವುದು ಬೇಡ. ಅರ್ಧ ಕೆಲಸ ಮಾಡುತ್ತಿರುವ ಔಷಧಿಯನ್ನು ಕಿತ್ತರೆ ಕೆಲವೇ ವಾರಗಳಲ್ಲಿ ಆ ಅರ್ಧವೂ ಕೈಬಿಟ್ಟು ಹೋಗುವುದನ್ನು ಬಹಳ ಸಲ ನೋಡಿದ್ದೇನೆ.

ನಿಮ್ಮ ಪ್ರಶ್ನೆಯ ತಿರುಳು ಇಷ್ಟು: ಇಲಿಯ ಮೈಯಲ್ಲಿ ಅರಿಶಿನವೇ ಟಿಎನ್‌ಎಫ್ ಇಳಿಸುವುದಾದರೆ, ಅದೇ ಟಿಎನ್‌ಎಫ್ ತಡೆಯಲು ದುಬಾರಿಯಾದ, ಅಪಾಯವೂ ಇರುವ ಔಷಧಿ ಏಕೆ? ನ್ಯಾಯವಾದ ಪ್ರಶ್ನೆ. ಆಲೂರು, ಬೇಲೂರು, ಅರಕಲಗೂಡು ಕಡೆಯಿಂದ ಬರುವ ರೋಗಿಗಳ ಮಕ್ಕಳು ನನ್ನನ್ನು ಇದನ್ನೇ ಬೇರೆ ಬೇರೆ ಮಾತಿನಲ್ಲಿ ಕೇಳುತ್ತಿರುತ್ತಾರೆ. ನೀವು ಲೇಖನವನ್ನು ತೆರೆದು ಓದಿದ್ದೀರಿ, ಹಾಗಾಗಿ ನಿಮಗೆ ಸ್ವಲ್ಪ ಒಳಹೊಕ್ಕೇ ಉತ್ತರ ಹೇಳಬಹುದು.

ಆ ಲೇಖನ ಸುಳ್ಳಿರಲಿಕ್ಕಿಲ್ಲ. ಕ್ಲಿನಿಕ್ಕಿಗೆ ಬರುವ ಮೊದಲು ಕೆಲವು ಕಾಲ ನಾನೂ ಇಂಥ ಇಲಿಗಳ ಜೊತೆ ಕೆಲಸ ಮಾಡಿದ್ದೆ. ಆ ಫೋಟೊದ ಪಾದಗಳು ನನಗೆ ಪರಿಚಿತ. ಆದರೆ ಫೋಟೊಕ್ಕಿಂತ ಮೊದಲು ಏನೇನು ನಡೆದಿರುತ್ತದೆ ಎಂಬುದು ಗೊತ್ತಿದ್ದರೆ ಅದನ್ನು ಓದುವ ರೀತಿಯೇ ಬದಲಾಗುತ್ತದೆ.

ಅಮ್ಮನಿಗೆ ಬಂದಿರುವ ಈ ಸಂಧಿವಾತಕ್ಕೆ ರುಮಟಾಯ್ಡ್ ಎನ್ನುತ್ತಾರೆ. ಅದು ಇಲಿಗಳಿಗೆ ತಾನಾಗಿ ಬರುವುದಿಲ್ಲ, ಬರಿಸಬೇಕು. ಬಹಳ ಬಳಕೆಯಲ್ಲಿರುವುದು ಕೊಲಾಜೆನ್ ವಿಧಾನ. 1977ರಲ್ಲಿ ದೊಡ್ಡ ಜಾತಿಯ ಇಲಿಗಳಲ್ಲಿ, 1980ರಲ್ಲಿ ಸಣ್ಣ ಇಲಿಗಳಲ್ಲಿ ಇದು ವರದಿಯಾಯಿತು. ಕೋಳಿಯ ಅಥವಾ ದನದ ಕೀಲಿನ ಮೃದು ಎಲುಬಿನಿಂದ ಕೊಲಾಜೆನ್ ತೆಗೆದು, ಅದನ್ನು ಒಂದು ಎಣ್ಣೆಯ ಜೊತೆ ಬಿಳಿಯಾಗಿ ಗಟ್ಟಿಯಾಗುವವರೆಗೆ ಕಲಸುತ್ತಾರೆ. ಹದ ಬಂದಿದೆಯೇ ಎಂದು ನೋಡಲು ಒಂದು ಹನಿಯನ್ನು ನೀರಿನ ಮೇಲೆ ಬಿಡುತ್ತಾರೆ. ಹನಿ ಹರಡದೆ ಉಂಡೆಯಾಗಿಯೇ ನಿಂತರೆ ಸರಿ, ಹರಡಿದರೆ ಮತ್ತೆ ಕಲಸಬೇಕು. ಆ ಎಣ್ಣೆಯಲ್ಲಿ ಇನ್ನೊಂದು ವಸ್ತುವೂ ಇರುತ್ತದೆ: ಕಾಯಿಸಿ ಕೊಂದ ಟಿಬಿ ರೋಗಾಣು. ರೋಗನಿರೋಧಕ ಕೋಶಗಳನ್ನು ಕೆರಳಿಸುವುದಕ್ಕೆ ಅದು ಬೇಕು. ಇದನ್ನು ಇಲಿಯ ಬಾಲದ ಬುಡಕ್ಕೆ ಚುಚ್ಚುತ್ತಾರೆ, 21ನೇ ದಿನ ಇನ್ನೊಮ್ಮೆ ಕೊಲಾಜೆನ್ ಕೊಡುತ್ತಾರೆ. ಅದಾದ ಕೆಲವು ದಿನಗಳಲ್ಲಿ ಒಂದು ಬೆರಳು ಕೆಂಪಾಗುತ್ತದೆ, ಆಮೇಲೆ ಪಾದ ಪೂರ್ತಿ ಊದಿಕೊಳ್ಳುತ್ತದೆ. ಒಂದೊಂದು ಪಾದಕ್ಕೂ ಸೊನ್ನೆಯಿಂದ 4ರವರೆಗೆ ಅಂಕ, ನಾಲ್ಕು ಪಾದ ಸೇರಿ ಹೆಚ್ಚೆಂದರೆ 16. ನಿಮ್ಮ ಗ್ರಾಫಿನ ಎಡಬದಿಯಲ್ಲಿರುವ ಅಂಕಿ ಬಹುಶಃ ಇದೇ.

ಒಳಗೆ ನಡೆಯುವುದೇನು? ರೋಗಾಣುವಿನ ಚೂರು ತಗಲಿದೊಡನೆ ಮ್ಯಾಕ್ರೊಫೇಜ್ ಎಂಬ ಕೋಶ ಎಚ್ಚೆತ್ತುಕೊಳ್ಳುತ್ತದೆ. ಅದರೊಳಗೆ ಎನ್‌ಎಫ್ ಕಪ್ಪಾ ಬಿ ಎಂಬ ಪ್ರೋಟೀನ್ ಮೊದಲೇ ತಯಾರಿರುತ್ತದೆ, ಇನ್ನೊಂದು ಪ್ರೋಟೀನ್ ಅದನ್ನು ಅಲುಗಾಡದಂತೆ ಹಿಡಿದಿರುತ್ತದೆ. ಸಂಕೇತ ಬಂದಾಗ ಹಿಡಿದಿದ್ದ ಪ್ರೋಟೀನ್ ನಾಶವಾಗುತ್ತದೆ. ಬಿಡುಗಡೆಯಾದ ಎನ್‌ಎಫ್ ಕಪ್ಪಾ ಬಿ ಕೋಶಕೇಂದ್ರಕ್ಕೆ ಹೋಗಿ ಟಿಎನ್‌ಎಫ್, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಇವುಗಳ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಕೋಶದಿಂದ ಕೋಶಕ್ಕೆ ಸುದ್ದಿ ಒಯ್ಯುವ ಈ ಪ್ರೋಟೀನ್‌ಗಳೇ ಸೈಟೊಕೈನ್‌ಗಳು. ಟಿಎನ್‌ಎಫ್ ಪಕ್ಕದ ಕೋಶಕ್ಕೆ ತಗಲಿದರೆ ಅಲ್ಲಿಯೂ ಎನ್‌ಎಫ್ ಕಪ್ಪಾ ಬಿ ಏಳುತ್ತದೆ, ಆ ಕೋಶವೂ ಸೈಟೊಕೈನ್ ಉಗುಳುತ್ತದೆ. ನಿಮ್ಮ ಕಡೆ ತೋಟಕ್ಕೆ ಕಾಡಾನೆ ಇಳಿಯಿತೆಂದು ಒಬ್ಬರು ಕೂಗಿದರೆ, ಕೂಗು ಒಂದು ಲೈನ್ ಮನೆಯಿಂದ ಇನ್ನೊಂದಕ್ಕೆ ಹೋಗುತ್ತದಲ್ಲ, ಹಾಗೆ. ಆನೆ ಕಾಡಿಗೆ ಹಿಂದಿರುಗಿದ ಮೇಲೂ ಕೂಗು ನಿಲ್ಲದೆ ಊರು ಸುತ್ತುತ್ತಿದ್ದರೆ ಅದು ರುಮಟಾಯ್ಡ್.

ಇದರಲ್ಲೇ ನಿಮ್ಮ ಇಮ್ಯುನಿಟಿ ಪ್ರಶ್ನೆಗೂ ಉತ್ತರವಿದೆ. ಕೋವಿಡ್ ಬಂದುಹೋದ ಮೇಲೆ ಇಮ್ಯುನಿಟಿ ಹೆಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಮನೆಮನೆಯಲ್ಲೂ ಕೂತಿದೆ. ಅಮ್ಮನ ಕೀಲಿನೊಳಗೆ ಇಮ್ಯುನಿಟಿಗೆ ಕೊರತೆಯಿಲ್ಲ. ಶತ್ರುವೇ ಇಲ್ಲದ ಕಡೆ ಅದು ಕೆಲಸ ಮಾಡುತ್ತಿದೆ, ಸ್ವಂತ ಕೀಲಿನ ಒಳಪೊರೆಯನ್ನೇ ತಿನ್ನುತ್ತಿದೆ. ಹಾಗಾಗಿ ಇಳಿಸಬೇಕಾದ್ದು ಇಳಿಯಲೇಬೇಕು. ಇಳಿಸುವಾಗ ಸೋಂಕಿನ ವಿರುದ್ಧ ನಮಗೆ ಬೇಕಾದ ಶಕ್ತಿಯೂ ಒಂದಿಷ್ಟು ಕುಗ್ಗುತ್ತದೆ ಎಂಬ ನಿಮ್ಮ ಭಯಕ್ಕೂ ಆಧಾರವಿದೆ. ಎಷ್ಟು ಕುಗ್ಗುತ್ತದೆ, ಯಾವ ಸೋಂಕಿಗೆ, ಯಾರಲ್ಲಿ ಎಂಬುದೇ ಔಷಧಿ ಆರಿಸುವಾಗಿನ ಮುಖ್ಯ ಲೆಕ್ಕ.

ಈಗ ನಿಮ್ಮ ಫೋನಿನಲ್ಲಿರುವ ಲೇಖನಕ್ಕೆ ಬನ್ನಿ. ಫೋಟೊ, ಗ್ರಾಫ್ ಬಿಟ್ಟು ವಿಧಾನದ ಭಾಗವನ್ನು ತೆರೆಯಿರಿ. ಔಷಧಿಯನ್ನು ಯಾವ ದಿನದಿಂದ ಕೊಟ್ಟರು? ಎಷ್ಟೋ ಪ್ರಯೋಗಗಳಲ್ಲಿ ಪಾದ ಊದುವ ಮೊದಲೇ, ಕೆಲವದರಲ್ಲಿ ಮೊದಲ ಚುಚ್ಚುಮದ್ದಿನ ದಿನದಿಂದಲೇ ಕೊಟ್ಟಿರುತ್ತಾರೆ. ಅಂಥ ಪ್ರಯೋಗ ಹೇಳುವುದು ರೋಗ ಬರದಂತೆ ತಡೆಯಿತು ಎಂದು ಮಾತ್ರ. ನಿಮ್ಮ ಅಮ್ಮನಿಗೆ ರೋಗ ಬಂದು ಎರಡು ವರ್ಷವಾಗಿದೆ. ಆಂಟಿ ಸಿಸಿಪಿ ಎಂಬ ಪ್ರತಿಕಾಯ ಊತಕ್ಕಿಂತ ಹಲವು ವರ್ಷ ಮೊದಲೇ ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ, ಅಂದರೆ ಒಳಗಿನ ತಯಾರಿ ಇನ್ನೂ ಹಳೆಯದು. ಆಮೇಲೆ ಬಾಯಿಗೆ ಹಾಕಿದರೋ ಹೊಟ್ಟೆಯ ಪೊರೆಯೊಳಗೆ ಚುಚ್ಚಿದರೋ ನೋಡಿ. ಚುಚ್ಚಿದ್ದರೆ ಅದನ್ನು ಕ್ಯಾಪ್ಸೂಲ್ ನುಂಗುವುದಕ್ಕೆ ಹೋಲಿಸುವಂತಿಲ್ಲ. ಗಂಡು ಇಲಿಗಳೇ? ಡಿಬಿಎ/1 ಎಂಬ ಇಲಿ ತಳಿಯಲ್ಲಿ ಸಾಮಾನ್ಯವಾಗಿ ಗಂಡನ್ನೇ ಬಳಸುತ್ತಾರೆ, ಮನುಷ್ಯರಲ್ಲಿ ಈ ಕಾಯಿಲೆ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಪ್ರಯೋಗ ಎಷ್ಟು ದಿನ ನಡೆಯಿತು ಎಂಬುದನ್ನೂ ಗಮನಿಸಿ. ಈ ಇಲಿಗಳಲ್ಲಿ ಔಷಧಿಯೇ ಕೊಡದಿದ್ದರೂ ಕೆಲವು ವಾರಗಳ ನಂತರ ಊತ ತಾನಾಗಿ ಇಳಿಯತೊಡಗುತ್ತದೆ. ಅಮ್ಮನ ಕಾಯಿಲೆಗೆ ಆ ಗುಣವಿಲ್ಲ.

ಹಾಗಾದರೆ ಇಲಿ ಪ್ರಯೋಗವೇ ವ್ಯರ್ಥವೇ? ಖಂಡಿತ ಅಲ್ಲ. ನಿಮ್ಮ ಡಾಕ್ಟರು ಹೇಳಿರುವ ಎರಡೂ ಔಷಧಿಗಳು ಇಲಿಯನ್ನು ದಾಟಿಯೇ ಬಂದವು.

ಟಿಎನ್‌ಎಫ್‌ನ ಕಥೆ ಕೇಳಿ. 1989ರಲ್ಲಿ ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ಅವರ ತಂಡ ರೋಗಿಗಳ ಕೀಲಿನಿಂದ ತೆಗೆದ ಒಳಪೊರೆಯ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಟಿಎನ್‌ಎಫ್ ಒಂದನ್ನು ತಡೆದು ನೋಡಿತು. ಇಂಟರ್‌ಲ್ಯೂಕಿನ್-1 ಕೂಡ ಇಳಿಯಿತು. ಒಂದನ್ನು ತಡೆದರೆ ಅದರ ಹಿಂದೆ ಬರುವುದೂ ನಿಲ್ಲುತ್ತದೆ ಎಂಬ ಸುಳಿವು ಸಿಕ್ಕಿದ್ದು ಹೀಗೆ, ಮನುಷ್ಯರ ಕೀಲಿನಿಂದಲೇ. 1991ರಲ್ಲಿ ಗ್ರೀಸಿನ ಜಾರ್ಜ್ ಕೊಲಿಯಾಸ್ ಅವರ ತಂಡ ಮನುಷ್ಯರ ಟಿಎನ್‌ಎಫ್ ಜೀನ್ ಸೇರಿಸಿ ಇಲಿಗಳನ್ನು ಬೆಳೆಸಿತು. ಅವಕ್ಕೆ ಕೊಲಾಜೆನ್ ಇಲ್ಲ, ರೋಗಾಣು ಇಲ್ಲ, ಆದರೂ ಕೀಲುಗಳು ಕೆಟ್ಟವು. ಟಿಎನ್‌ಎಫ್ ಹಿಡಿಯುವ ಪ್ರತಿಕಾಯ ಕೊಟ್ಟಾಗ ಕೆಡಲಿಲ್ಲ. 1992ರಲ್ಲಿ ಕೊಲಾಜೆನ್ ಇಲಿಗಳಲ್ಲಿ, ಪಾದ ಊದಿದ ಮೇಲೆ ಕೊಟ್ಟರೂ ಗುಣ ಕಂಡಿತು. ಅದೇ ವರ್ಷ ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ರೋಗಿಗಳಿಗೆ ಕೊಡಲು ಶುರು ಮಾಡಿದರು. ಮೊದಲ ಪ್ರಯೋಗದಲ್ಲಿ ಇದ್ದವರು 20 ಮಂದಿ. ಆಮೇಲೆ ದೊಡ್ಡ ಪ್ರಯೋಗಗಳು, 1990ರ ದಶಕದ ಕೊನೆಗೆ ಅಮೆರಿಕದಲ್ಲಿ ಅನುಮತಿ. ಅಡಲಿಮ್ಯುಮಾಬ್‌ಗೆ ಅಲ್ಲಿ ಅನುಮತಿ ಸಿಕ್ಕಿದ್ದು 2002ರಲ್ಲಿ.

ಇದರ ಪಕ್ಕದಲ್ಲಿ ಸೋತ ಕಥೆಗಳನ್ನೂ ಇಡಬೇಕು, ನಿಮ್ಮ ಪ್ರಶ್ನೆಗೆ ಅವೇ ಹೆಚ್ಚು ಉತ್ತರ ಕೊಡುತ್ತವೆ. ಕೋಶದೊಳಗೆ ಪಿ38 ಎಂಬ ಇನ್ನೊಂದು ಸಂಕೇತದ ದಾರಿ ಇದೆ. ಅದನ್ನು ತಡೆಯುವ ಮಾತ್ರೆಗಳು ಇಲಿಗಳಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡಿದವು, ಊತ ಇಳಿಯಿತು, ಮೂಳೆ ಉಳಿಯಿತು. ಬೇರೆ ಬೇರೆ ಕಂಪನಿಗಳು ಅವನ್ನು ರೋಗಿಗಳಿಗೆ ಕೊಟ್ಟು ನೋಡಿದವು. ಸಿಆರ್‌ಪಿ ಎಂಬ ರಕ್ತದ ಉರಿಯೂತದ ಅಳತೆ ಕೆಲವು ವಾರ ಇಳಿದು ಮತ್ತೆ ಏರಿತು, ಕೆಲವರಿಗೆ ಲಿವರ್ ಕೆಟ್ಟಿತು, ಒಂದೂ ಔಷಧಿ ಅಂಗಡಿಗೆ ಬರಲಿಲ್ಲ. ಇಂಟರ್‌ಲ್ಯೂಕಿನ್-1 ತಡೆದರೆ ಕೊಲಾಜೆನ್ ಇಲಿ ತುಂಬಾ ಚೆನ್ನಾಗಿ ಸುಧಾರಿಸುತ್ತದೆ. ಆ ಔಷಧಿ ರೋಗಿಗಳಿಗೂ ಬಂತು, ಆದರೆ ಟಿಎನ್‌ಎಫ್ ಔಷಧಿಗಳ ಮುಂದೆ ಮಂಕಾಯಿತು. ಇಂಟರ್‌ಲ್ಯೂಕಿನ್-17 ಕೂಡ ಹಾಗೆಯೇ: ಸೋರಿಯಾಸಿಸ್ ಜೊತೆಗಿನ ಕೀಲುರೋಗಕ್ಕೆ, ಬೆನ್ನುಮೂಳೆ ಬಿಗಿಯುವ ಕಾಯಿಲೆಗೆ ಅದನ್ನು ತಡೆಯುವ ಔಷಧಿ ಒಳ್ಳೆಯದು, ಅಮ್ಮನ ಕಾಯಿಲೆಗೆ ಅಷ್ಟಕ್ಕಷ್ಟೆ. ಇಲಿಯಲ್ಲಿ ಒಂದು ದಾರಿ ಮುಚ್ಚಿದರೆ ಊತ ನಿಲ್ಲಬಹುದು. ಮನುಷ್ಯರಲ್ಲಿ ಸಂಕೇತ ಪಕ್ಕದ ದಾರಿ ಹಿಡಿದು ಮುಂದೆ ಹೋಗುತ್ತದೆ. ಯಾವ ದಾರಿ ಮುಚ್ಚಿದರೆ ನಿಜಕ್ಕೂ ನಿಲ್ಲುತ್ತದೆ ಎಂಬುದು ಮನುಷ್ಯರಲ್ಲಿ ನೋಡಿದ ಮೇಲಷ್ಟೇ ತಿಳಿಯುವುದು.

ಟಿಬಿಯ ಮಾತಿಗೆ ಈಗ ಬರೋಣ. ಟಿಬಿ ರೋಗಾಣು ಶ್ವಾಸಕೋಶಕ್ಕೆ ಹೋದಾಗ ಮ್ಯಾಕ್ರೊಫೇಜ್‌ಗಳು ಅದನ್ನು ಸುತ್ತುವರಿದು ಒಂದು ಗಂಟಿನೊಳಗೆ ಹಿಡಿದಿಡುತ್ತವೆ. ಬಹಳಷ್ಟು ಜನರಲ್ಲಿ ಅದು ಜೀವಮಾನವಿಡೀ ಅಲ್ಲೇ ಮಲಗಿರುತ್ತದೆ, ಕೆಮ್ಮಿಲ್ಲ, ಜ್ವರವಿಲ್ಲ. ಆ ಗಂಟು ಬಿಚ್ಚಿಕೊಳ್ಳದಂತೆ ನೋಡಿಕೊಳ್ಳುವುದು ಅದೇ ಟಿಎನ್‌ಎಫ್. ಟಿಬಿ ತಗಲಿಸಿದ ಇಲಿಗಳಲ್ಲಿ ಟಿಎನ್‌ಎಫ್ ತಡೆದರೆ ಅವು ಬೇಗ ಸಾಯುತ್ತವೆ ಎಂದು 1995ರಲ್ಲೇ ತೋರಿಸಿದ್ದರು. ಕೀಲುರೋಗದ ಇಲಿಗಳಲ್ಲಿ ಅದು ಕಾಣಲಿಲ್ಲ, ಕಾಣುವಂತೆಯೂ ಇರಲಿಲ್ಲ. ಅವು ಶೋಧಿಸಿದ ಗಾಳಿಯ ಕೋಣೆಯಲ್ಲಿ, ರೋಗಾಣು ಸುಳಿಯದ ಪಂಜರದಲ್ಲಿ ಬೆಳೆದಂಥವು. ಸತ್ತ ಟಿಬಿ ರೋಗಾಣುವಿನಿಂದ ಅವಕ್ಕೆ ಸಂಧಿವಾತ ಬರಿಸಿದ್ದರು, ಬದುಕಿರುವ ಟಿಬಿ ರೋಗಾಣುವನ್ನು ಅವು ಕಂಡಿರಲೇ ಇಲ್ಲ. ಟಿಎನ್‌ಎಫ್ ತಡೆಯುವ ಇನ್ಫ್ಲಿಕ್ಸಿಮಾಬ್ ತೆಗೆದುಕೊಂಡವರಲ್ಲಿ ಟಿಬಿಯ 70 ಪ್ರಕರಣಗಳು 2001ರಲ್ಲಿ ವರದಿಯಾದವು, ಬಹುಪಾಲು ಟಿಬಿ ಅಪರೂಪವಾದ ದೇಶಗಳಿಂದ. ನಮ್ಮದು ಟಿಬಿ ಅಪರೂಪವಾದ ದೇಶವಲ್ಲ. ನಿಮ್ಮ ಅಮ್ಮ ಅದೇ ಮನೆಯಲ್ಲಿದ್ದು, ಅಜ್ಜನ ಮಗ್ಗುಲಲ್ಲೇ ಕೂತು ಆರೈಕೆ ಮಾಡಿದವರು.

ಆದ್ದರಿಂದ ಮೊದಲು ಎದೆಯ ಎಕ್ಸ್‌ರೇ, ಜೊತೆಗೆ ಮಾಂಟೂ ಚರ್ಮ ಪರೀಕ್ಷೆ ಅಥವಾ ಐಜಿಆರ್‌ಎ ರಕ್ತ ಪರೀಕ್ಷೆ. ಚಿಕ್ಕಂದಿನಲ್ಲಿ ಹಾಕಿಸಿಕೊಂಡ ಬಿಸಿಜಿ ಲಸಿಕೆಯಿಂದ ಮಾಂಟೂ ಸುಮ್ಮನೆ ಪಾಸಿಟಿವ್ ಬರಬಹುದು, ಐಜಿಆರ್‌ಎಗೆ ಆ ತೊಡಕಿಲ್ಲ. ಅಮ್ಮ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಎರಡೂ ತಪ್ಪಾಗಿ ನೆಗೆಟಿವ್ ಬರುವ ಸಾಧ್ಯತೆ ಇದೆ, ಅದನ್ನು ಮುಂಚೆಯೇ ಹೇಳಿ. ಮಲಗಿರುವ ಟಿಬಿ ಸಿಕ್ಕರೆ ಗಾಬರಿ ಬೇಡ. ತಡೆಗಟ್ಟುವ ಮಾತ್ರೆಗಳ ಕೋರ್ಸ್ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ರಾಷ್ಟ್ರೀಯ ಟಿಬಿ ಕಾರ್ಯಕ್ರಮದಡಿ ಉಚಿತ. ಅದನ್ನು ಶುರು ಮಾಡಿ ಕನಿಷ್ಠ ಒಂದು ತಿಂಗಳಾದ ಮೇಲೆ ಕೀಲಿನ ಹೊಸ ಔಷಧಿ ಶುರು ಮಾಡಬಹುದು. ಆ ಟಿಬಿ ಮಾತ್ರೆಗಳೂ ಮೆಥೊಟ್ರೆಕ್ಸೇಟೂ ಎರಡೂ ಲಿವರಿನ ಮೇಲೆ ಭಾರ ಹಾಕುವಂಥವು, ರಕ್ತ ಪರೀಕ್ಷೆಯನ್ನು ತಪ್ಪಿಸಬೇಡಿ. ರಿಫಾಂಪಿಸಿನ್, ರಿಫಾಪೆಂಟಿನ್ ಜಾತಿಯ ಟಿಬಿ ಮಾತ್ರೆಗಳು ತೊಫಾಸಿಟಿನಿಬ್‌ನ ಪರಿಣಾಮವನ್ನು ಕುಗ್ಗಿಸುತ್ತವೆ. ಎರಡನ್ನೂ ಬರೆಯುವವರು ಬೇರೆ ಬೇರೆ ಡಾಕ್ಟರಾಗಿದ್ದರೆ ಒಬ್ಬರ ಚೀಟಿ ಇನ್ನೊಬ್ಬರಿಗೆ ತೋರಿಸುವ ಹೊಣೆ ನಿಮ್ಮದು.

ಇನ್ನು ಅರಿಶಿನ. ಅದರೊಳಗಿನ ಕರ್ಕ್ಯುಮಿನ್ ಪ್ರಯೋಗಾಲಯದ ಕೋಶಗಳಲ್ಲಿ ಎನ್‌ಎಫ್ ಕಪ್ಪಾ ಬಿಯನ್ನು ತಡೆಯುತ್ತದೆ, ನಿಮ್ಮ ಲೇಖನ ಅಲ್ಲಿಯವರೆಗೆ ಸರಿ. ತೊಡಕು ಇರುವುದು ಅದು ರಕ್ತಕ್ಕೆ ಸೇರುವುದರಲ್ಲಿ. ಕರುಳಿನಿಂದ ಒಳಗೆ ಹೋದ ಸ್ವಲ್ಪವನ್ನೂ ಲಿವರ್ ಬೇಗನೆ ಮಾರ್ಪಡಿಸಿ ಹೊರಹಾಕುತ್ತದೆ. ಕಾಳುಮೆಣಸಿನ ಸತ್ವ ಸೇರಿಸುವ ಉಪಾಯ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದ ಕೆಲಸದಿಂದ ಪ್ರಸಿದ್ಧವಾಯಿತು. 1998ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಮೆಣಸಿನ ಪೈಪರಿನ್ ಜೊತೆಗೆ ಕೊಟ್ಟಾಗ ರಕ್ತಕ್ಕೆ ಸಿಗುವ ಕರ್ಕ್ಯುಮಿನ್ ದೊಡ್ಡ ಇಲಿಗಳಲ್ಲಿ ಶೇ 154ರಷ್ಟು ಹೆಚ್ಚಿತು, ಮನುಷ್ಯರಲ್ಲಿ ಶೇ 2000ದಷ್ಟು. ಒಂದೇ ವಸ್ತು, ಒಂದೇ ತಂಡ, ಇಲಿಗೂ ಮನುಷ್ಯನಿಗೂ ಇಷ್ಟು ಅಂತರ. ಕ್ಯಾಪ್ಸೂಲ್ ಮಾರುವವರು ಈ 2000ವನ್ನು ದೊಡ್ಡದಾಗಿ ಅಚ್ಚು ಹಾಕಿಸುತ್ತಾರೆ. ಪೈಪರಿನ್ ಇದನ್ನು ಸಾಧಿಸುವುದು ಲಿವರಿನ ಹೊರಹಾಕುವ ಕೆಲಸವನ್ನು ತಡೆದು ಎಂಬುದನ್ನು ಹಾಕಿಸುವುದಿಲ್ಲ. ಅದೇ ಲಿವರ್ ಅಮ್ಮನ ಬೇರೆ ಔಷಧಿಗಳನ್ನೂ ನಿಭಾಯಿಸಬೇಕು. ಹೆಚ್ಚು ಹೀರಿಕೊಳ್ಳುವಂತೆ ಮಾಡಿದ ಅರಿಶಿನದ ಕ್ಯಾಪ್ಸೂಲ್‌ಗಳಿಂದ ಲಿವರಿಗೆ ಪೆಟ್ಟಾದ ಪ್ರಕರಣಗಳನ್ನು ಇತ್ತೀಚಿನ ವರ್ಷಗಳಲ್ಲಿ ಅಮೆರಿಕದ ತಜ್ಞರು ದಾಖಲಿಸಿದ್ದಾರೆ. ಮೆಥೊಟ್ರೆಕ್ಸೇಟ್ ಮೇಲಿರುವವರಿಗೆ ನಾನು ಈ ಕ್ಯಾಪ್ಸೂಲ್ ಬೇಡವೆನ್ನುವುದು ಇದೇ ಕಾರಣಕ್ಕೆ. ಸಾರಿಗೆ, ಹುಳಿಗೆ, ಹಾಲಿಗೆ ಹಾಕುವ ಅರಿಶಿನದ ಬಗ್ಗೆ ನನ್ನ ತಕರಾರಿಲ್ಲ. ಅದರಲ್ಲಿ ಕರ್ಕ್ಯುಮಿನ್ ಇರುವುದೇ ನೂರು ಗ್ರಾಮಿಗೆ ಕೆಲವು ಗ್ರಾಂ.

ಮನುಷ್ಯರಲ್ಲಿ ನಡೆದ ಕರ್ಕ್ಯುಮಿನ್ ಪ್ರಯೋಗಗಳೂ ಇವೆ. ಚಿಕ್ಕವು, ಕೆಲವೇ ವಾರಗಳವು. ನೋವು ಇಳಿಯಿತೇ ಎಂದು ಕೇಳಿದಂಥವು. ನೋವು ಇಳಿಯುವುದಕ್ಕೂ ಮೂಳೆ ಉಳಿಯುವುದಕ್ಕೂ ಇರುವ ಅಂತರವನ್ನು ತೋರಿಸಿಕೊಟ್ಟದ್ದೂ ಒಂದು ಇಲಿ ಪ್ರಯೋಗವೇ. 2002ರಲ್ಲಿ ವಿಯೆನ್ನಾದ ತಂಡವೊಂದು, ಟಿಎನ್‌ಎಫ್ ಹೆಚ್ಚಿದ ಇಲಿಗಳನ್ನು ಮೂಳೆ ಕರಗಿಸುವ ಆಸ್ಟಿಯೊಕ್ಲಾಸ್ಟ್ ಕೋಶಗಳೇ ಹುಟ್ಟದ ಇಲಿಗಳ ಜೊತೆ ಕೂಡಿಸಿತು. ಮರಿಗಳಲ್ಲಿ ಉರಿಯೂತ ಇತ್ತು, ಮೂಳೆ ಮಾತ್ರ ಸವೆಯಲಿಲ್ಲ. ಊತ ಒಂದು ಕೆಲಸ, ಸವೆತ ಇನ್ನೊಂದು. ಅಮ್ಮನ ಮೈಯಲ್ಲಿ ಆಸ್ಟಿಯೊಕ್ಲಾಸ್ಟ್‌ಗಳಿವೆ. ಉರಿಯೂತದ ಕೀಲಿನ ಒಳಪೊರೆ, ಟಿ ಕೋಶಗಳು ಆರ್‌ಎಎನ್‌ಕೆಎಲ್ ಎಂಬ ಸಂಕೇತ ಕೊಟ್ಟು ಅವನ್ನು ಎಬ್ಬಿಸುತ್ತಲೇ ಇರುತ್ತವೆ. ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ನೋವನ್ನು ಇಳಿಸುತ್ತದೆ, ಈ ಸಂಕೇತವನ್ನು ಮುಟ್ಟುವುದಿಲ್ಲ. ನೋವು ಕಡಿಮೆಯಾಯಿತೆಂದು ಮನೆಮದ್ದಿನಲ್ಲೇ ಎರಡು ಮೂರು ವರ್ಷ ಕಳೆದು, ಬೆರಳುಗಳು ಹೊರಕ್ಕೆ ವಾಲಿದ ಮೇಲೆ ಬರುವ ತಾಯಂದಿರನ್ನು ಪ್ರತಿ ಕೊಯ್ಲಿನ ಕಾಲದಲ್ಲೂ ನೋಡುತ್ತೇನೆ. ಹಣ್ಣು ಬಿಡಿಸಲು ಹೆಬ್ಬೆರಳೂ ತೋರುಬೆರಳೂ ಕೂಡಬೇಕು. ಅವು ಕೂಡದೆ, ಗೊಂಚಲನ್ನೇ ಅಂಗೈಯಲ್ಲಿ ಹಿಡಿದು ಎಳೆಯುತ್ತೇನೆ ಎಂದು ತೋರಿಸುತ್ತಾರೆ. ವಾಲಿದ ಬೆರಳನ್ನು ಯಾವ ಔಷಧಿಯೂ ಹಿಂದಕ್ಕೆ ತರುವುದಿಲ್ಲ. ನಿಮ್ಮ ಅಮ್ಮ ಇನ್ನೂ ಅಲ್ಲಿಗೆ ಹೋಗಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನೂ ಒಂದು ಎಚ್ಚರಿಕೆ. ಹೆಸರು ದಿಕ್ಕಿಲ್ಲದ ಪುಡಿಯೋ ಮಾತ್ರೆಯೋ ನಾಲ್ಕೇ ದಿನದಲ್ಲಿ ಮ್ಯಾಜಿಕ್ಕಿನಂತೆ ಕೆಲಸ ಮಾಡಿದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ಮುಖ ದುಂಡಗಾಗುವುದು, ಸಣ್ಣ ಪೆಟ್ಟಿಗೂ ಚರ್ಮ ಕಂದುವುದು, ಶುಗರ್ ಏರುವುದು ಇದರ ಗುರುತುಗಳು. ಅಂಥದ್ದನ್ನು ತಿಂಗಳುಗಟ್ಟಲೆ ತೆಗೆದುಕೊಂಡಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಡಾಕ್ಟರಿಗೆ ತೋರಿಸಿ ಹಂತಹಂತವಾಗಿ ಇಳಿಸಬೇಕು.

ದಾರಿಗಳ ವಿಷಯಕ್ಕೆ ಬಂದರೆ, ನಿಮ್ಮ ಡಾಕ್ಟರು ಎರಡನ್ನು ಹೇಳಿದ್ದಾರೆ. ಇನ್ನೆರಡು ಇವೆ, ಕೇಳಿ ನೋಡಿ. ಒಂದು, ಮೆಥೊಟ್ರೆಕ್ಸೇಟನ್ನೇ ಸರಿಯಾಗಿ ಬಳಸಿಕೊಳ್ಳುವುದು. ವಾರಕ್ಕೆ 25 ಮಿಲಿಗ್ರಾಂವರೆಗೂ ಹೋಗಬಹುದು. 15 ದಾಟಿದ ಮೇಲೆ ಮಾತ್ರೆ ಪೂರ್ತಿ ಹೀರಿಕೆಯಾಗುವುದಿಲ್ಲ, ಅದನ್ನೇ ಚರ್ಮದಡಿ ಇಂಜೆಕ್ಷನ್ನಾಗಿ ಕೊಟ್ಟರೆ ಪರಿಣಾಮ ಹೆಚ್ಚು, ಹೊಟ್ಟೆ ತೊಳಸುವುದೂ ಕಡಿಮೆ. ಎಷ್ಟೇ ಆದರೂ ಅದು ವಾರಕ್ಕೊಮ್ಮೆ ಮಾತ್ರ. ವಾರದ ಒಂದು ದಿನವನ್ನು ಗೊತ್ತು ಮಾಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ದಿನಾ ನುಂಗಿ ಬಾಯೆಲ್ಲ ಹುಣ್ಣಾಗಿ, ರಕ್ತಕಣ ಕುಸಿದು ಆಸ್ಪತ್ರೆ ಸೇರಿದವರಿದ್ದಾರೆ, ಅದು ಪ್ರಾಣಕ್ಕೇ ಎರವಾಗುವ ತಪ್ಪು. ಫೋಲಿಕ್ ಆಸಿಡ್ ಜೊತೆಗಿರಲಿ.

ಎರಡನೆಯದು, ಮೂರು ಹಳೆಯ ಮಾತ್ರೆಗಳನ್ನು ಒಟ್ಟಿಗೆ ಕೊಡುವುದು: ಮೆಥೊಟ್ರೆಕ್ಸೇಟ್, ಸಲ್ಫಸಲಜೀನ್, ಹೈಡ್ರಾಕ್ಸಿಕ್ಲೊರೊಕ್ವಿನ್. ಮೆಥೊಟ್ರೆಕ್ಸೇಟ್ ಒಂದೇ ಸಾಲದವರಲ್ಲಿ ಈ ಮೂರನ್ನೂ, ಮೆಥೊಟ್ರೆಕ್ಸೇಟ್ ಜೊತೆಗೆ ಟಿಎನ್‌ಎಫ್ ತಡೆಯುವ ಎಟನರ್ಸೆಪ್ಟ್ ಇಂಜೆಕ್ಷನ್ನನ್ನೂ ಹೋಲಿಸಿದ ಅಮೆರಿಕದ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಮೂರು ಮಾತ್ರೆಗಳು ಹಿಂದೆ ಬೀಳಲಿಲ್ಲ. ಖರ್ಚು ಬಹಳ ಕಡಿಮೆ, ಟಿಬಿಯ ಭಯವೂ ಕಡಿಮೆ. ಮಾತ್ರೆಗಳ ಸಂಖ್ಯೆ ಜಾಸ್ತಿ, ಸಲ್ಫಾ ಅಲರ್ಜಿ ಇದ್ದವರಿಗೆ ಆಗುವುದಿಲ್ಲ, ಕಣ್ಣಿನ ಪರೀಕ್ಷೆ ಬೇಕು, ಪರಿಣಾಮ ಕಾಣಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಮೂಳೆ ಸವೆತ ಇನ್ನೂ ಶುರುವಾಗಿರದಿದ್ದರೆ ನಾನಾಗಿದ್ದರೆ ಇದನ್ನು ಮೊದಲು ಯೋಚಿಸುತ್ತಿದ್ದೆ. ಕೈಯ ಎಕ್ಸ್‌ರೇ ಇದನ್ನು ತೀರ್ಮಾನಿಸಲು ನೆರವಾಗುತ್ತದೆ.

ಇಂಜೆಕ್ಷನ್ ಮತ್ತು ಮಾತ್ರೆಯ ನಡುವೆ ಆರಿಸುವುದೇ ಆದರೆ, ಅಡಲಿಮ್ಯುಮಾಬ್ ಕೋಶದ ಹೊರಗೇ ಟಿಎನ್‌ಎಫ್ ಅನ್ನು ಹಿಡಿಯುತ್ತದೆ. ತೊಫಾಸಿಟಿನಿಬ್ ಕೋಶದೊಳಗೆ ಹೋಗಿ ಜಾಕ್ ಎಂಬ ಕಿಣ್ವವನ್ನು ತಡೆಯುತ್ತದೆ. ಇಂಟರ್‌ಲ್ಯೂಕಿನ್-6ರ ಸುದ್ದಿ ಕೋಶಕೇಂದ್ರಕ್ಕೆ ಹೋಗುವುದು ಆ ದಾರಿಯಲ್ಲಿ. ಎರಡೂ ಸುಮಾರಾಗಿ ಸಮನಾಗಿ ಕೆಲಸ ಮಾಡುತ್ತವೆ, ಎರಡಕ್ಕೂ ಟಿಬಿ ಪರೀಕ್ಷೆ ಬೇಕು. ವ್ಯತ್ಯಾಸ ಬೇರೆ ಕಡೆ ಇದೆ. 50 ದಾಟಿದ, ಹೃದಯಕ್ಕೆ ಅಪಾಯ ತರುವ ಒಂದಾದರೂ ಅಂಶ ಇರುವವರಲ್ಲಿ ತೊಫಾಸಿಟಿನಿಬ್ ಅನ್ನು ಟಿಎನ್‌ಎಫ್ ಔಷಧಿಗಳಿಗೆ ಹೋಲಿಸಿ ಒಂದು ದೊಡ್ಡ ಪ್ರಯೋಗ ನಡೆಯಿತು. ಹೃದಯಾಘಾತ, ಪಾರ್ಶ್ವವಾಯು, ಕ್ಯಾನ್ಸರ್ ತೊಫಾಸಿಟಿನಿಬ್ ಕಡೆ ಹೆಚ್ಚು ಕಂಡವು. ಅಮೆರಿಕದ ಔಷಧಿ ನಿಯಂತ್ರಣ ಇಲಾಖೆ 2021ರಲ್ಲಿ ಎಚ್ಚರಿಕೆ ಬಿಗಿ ಮಾಡಿತು. ಕೆಲವೇ ವಾರ ನಡೆಯುವ ಇಲಿ ಪ್ರಯೋಗದಲ್ಲಿ ಇದು ತಿಳಿಯುವ ಸಂಗತಿಯೇ ಅಲ್ಲ. ನಿಮ್ಮ ಅಮ್ಮನಿಗೆ 54, ಬಿಪಿ ಇದೆ. ಅವರು ಆ ಗುಂಪಿಗೇ ಸೇರುತ್ತಾರೆ. ಸರ್ಪಸುತ್ತು ಬರುವುದೂ ಜಾಕ್ ಮಾತ್ರೆಯಲ್ಲಿ ಹೆಚ್ಚು. ಅದಕ್ಕೆ ಲಸಿಕೆ ಈಗ ನಮ್ಮಲ್ಲೂ ಸಿಗುತ್ತದೆ, ದುಬಾರಿ. ಅಡಲಿಮ್ಯುಮಾಬ್ ಎರಡು ವಾರಕ್ಕೊಂದು ಚುಚ್ಚು, ನಮ್ಮ ದೇಶದಲ್ಲೇ ತಯಾರಾಗುವ, ಮೂಲ ಔಷಧಿಯನ್ನೇ ಹೋಲುವ ಬಯೋಸಿಮಿಲರ್‌ಗಳು 2014ರಿಂದ ಇವೆ. ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಮಳೆಗಾಲದಲ್ಲಿ ನಿಮ್ಮ ಕಡೆ ದಿನಗಟ್ಟಲೆ ಕರೆಂಟ್ ಹೋಗುತ್ತದೆ. ಹಾಗಾಗಿ ಒಂದೇ ಸಲ ನಾಲ್ಕಾರು ತಂದಿಡಬೇಡಿ, ಬೇಕಾದಾಗ ಹಾಸನದಲ್ಲೇ ಚುಚ್ಚಿಸಿಕೊಂಡು ಹೋಗುವುದು ಮೇಲು. ಐಸ್ ಮೇಲೆ ನೇರವಾಗಿ ಇಟ್ಟು ಹೆಪ್ಪುಗಟ್ಟಿದ ಸಿರಿಂಜ್ ಕೂಡ ಕೆಲಸಕ್ಕೆ ಬಾರದು. ಟಿಬಿ ಪರೀಕ್ಷೆ ಸ್ವಚ್ಛವಾಗಿ ಬಂದು, ಹಳೆಯ ಮಾತ್ರೆಗಳಿಂದ ಸಾಲದೆ ಹೋದರೆ ನಿಮ್ಮ ಅಮ್ಮನ ವಯಸ್ಸಿಗೂ ಬಿಪಿಗೂ ನಾನು ಇಂಜೆಕ್ಷನ್ ಕಡೆ ವಾಲುತ್ತೇನೆ. ಅವರನ್ನು ಮುಟ್ಟಿ ನೋಡಿರುವ ಡಾಕ್ಟರಿಗೆ ಬೇರೆ ಕಾರಣ ಕಂಡಿದ್ದರೆ ಕೇಳಿ ತಿಳಿದುಕೊಳ್ಳಿ. ಯಾವುದೇ ಶುರುವಾದ ಮೇಲೂ ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು ಕಂಡರೆ ಮುಂದಿನ ಡೋಸ್ ತಡೆದು ಅವರ ಬಳಿ ಹೋಗಿ.

ಟೊಮೆಟೊ, ಬದನೆ, ಹುಳಿ ಬಿಡಬೇಕೇ ಎಂದು ನೀವು ಕೇಳಿಲ್ಲ, ಆದರೆ ಮನೆಯಲ್ಲಿ ಯಾರಾದರೂ ಹೇಳಿಯೇ ಇರುತ್ತಾರೆ. ಬಿಡಬೇಕಿಲ್ಲ. ಮಲೆನಾಡಿನ ಚಳಿಗೆ, ಮಳೆಗೆ ಬಿಗಿತ ಹೆಚ್ಚುತ್ತದೆ, ಬೆಚ್ಚಗಿನ ನೀರಲ್ಲಿ ಕೈ ಅದ್ದಿದರೆ ಹಿತ. ಕಾಯಿಲೆ ಬಂದದ್ದು ಚಳಿಯಿಂದಲ್ಲ.

ನಿಮಗೂ ಬರುತ್ತದೆಯೇ ಎಂದಿರಿ. ತಾಯಿಗೆ ಇದ್ದರೆ ಮಗಳಿಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಕೆಲವು ಪಟ್ಟು ಹೆಚ್ಚು. ಆದರೆ ಬೇರೆಯವರಲ್ಲಿ ಅದು ನೂರಕ್ಕೆ ಒಬ್ಬರಿಗಿಂತ ಕಡಿಮೆ, ಅಂದರೆ ನಿಮಗೆ ಬಾರದಿರುವ ಸಾಧ್ಯತೆಯೇ ಬಹಳ ಹೆಚ್ಚು. ಲಕ್ಷಣ ಏನೂ ಇಲ್ಲದೆ ಆಂಟಿ ಸಿಸಿಪಿ ಮಾಡಿಸಲು ಹೋಗಬೇಡಿ, ಪಾಸಿಟಿವ್ ಬಂದರೂ ಇವತ್ತಿಗೆ ಅದರ ಮೇಲೆ ಮಾಡುವಂಥದ್ದು ಹೆಚ್ಚಿಲ್ಲ, ನಿದ್ದೆ ಮಾತ್ರ ಕೆಡುತ್ತದೆ. ಬೀಡಿ, ಸಿಗರೇಟು ಈ ಕಾಯಿಲೆಯ ಗೊತ್ತಿರುವ ಅಪಾಯ, ವಸಡಿನ ರೋಗಕ್ಕೂ ಇದಕ್ಕೂ ನಂಟಿದೆ. ಹೊಗೆಯಿಂದ ದೂರವಿರಿ, ಹಲ್ಲು ವಸಡು ಚೆನ್ನಾಗಿಟ್ಟುಕೊಳ್ಳಿ. ಕೈಬೆರಳಿನ ಗೆಣ್ಣು ಊದಿ, ಬೆಳಗಿನ ಬಿಗಿತ ಅರ್ಧ ಗಂಟೆಗೂ ಮೀರಿ, ಆರು ವಾರವಾದರೂ ಹೋಗದಿದ್ದರೆ ಆಗ ತಡಮಾಡದೆ ತೋರಿಸಿ.